ಭರತನ ಪಾಳಿ

ಗೋಪಸಂದ್ರದ ಕೆರೆಯಂಚಿನಲ್ಲಿ ಕೂತು
ಮುದ್ದೆಯ ಚೂರನ್ನು ಗಾಳಕ್ಕೆ ಒತ್ತುತ್ತೇನೆ.
ನಿನ್ನೆಯ ಮುದ್ದೆ. ಬಿಸಿಯದಾದರೆ ನೀರಲ್ಲಿ ಬಿಚ್ಚಿಕೊಳ್ಳುತ್ತದೆ,
ತಂಗಳಾದರೆ ಕಚ್ಚಿ ಹಿಡಿಯುತ್ತದೆ. ಇದು ಗೊತ್ತಿದ್ದೇ
ನನ್ನ ಹೆಂಡತಿ ರಾತ್ರಿ ಒಂದು ಹಿಡಿ ಹೆಚ್ಚು ತಿರುವುತ್ತಾಳೆ,
ಬೈಯುತ್ತಲೇ.

ಪಕ್ಕದಲ್ಲಿ ದಸ್ತಗೀರ್. ಪಂಚರ್ ಅಂಗಡಿ.
ಅವನ ಗಾಳದ ತೇಲು ಹವಾಯಿ ಚಪ್ಪಲಿಯ ತುಂಡು,
ತೂಕಕ್ಕೆ ಚಕ್ರದಿಂದ ಬಿದ್ದ ಸೀಸ.
ಹರಿಯುವ ನೀರೆಂದು ಅವನು ನೋಡಿದ್ದು ಒಂದೇ ಸಲ,
ನೆಲ್ಲೂರಿಗೆ ಹೋದಾಗ, ಅದೂ ಬಸ್ಸಿನ ಕಿಟಕಿಯಿಂದ.

ನಾನು ಹನ್ನೊಂದು ವರ್ಷ ಕುಂದಾಪುರ ಡಿಪೋದಲ್ಲಿದ್ದೆ.
ಹಗಲೆಲ್ಲ ಬ್ರೇಕ್ ಲೈನರು,
ಸಂಜೆ ಅಳಿವೆಯ ಬದಿ.
ಅದನ್ನು ಹೇಳಹೋಗಿ ಸಿಕ್ಕಿಕೊಂಡೆ:
"ಅಲ್ಲಿ ದಿನಕ್ಕೆ ಎರಡು ಸಲ ನೀರು ಹೊರಟೋಗ್ತೈತೆ."
"ಎಲ್ಲಿಗೆ?"
"ಸಮುದ್ರಕ್ಕೆ."
"ಯಾರು ಬಿಡ್ತಾರೆ? ತೂಬು ಐತಾ?"
"ತೂಬಿಲ್ಲ. ತಾನೇ ಹೋಗ್ತೈತೆ, ಆರು ಗಂಟೆ ಬಿಟ್ಟು
ತಾನೇ ಬರ್ತೈತೆ. ಬಂದರೆ ಭರತ."
ದಸ್ತಗೀರ್ ಬೀಡಿ ಕೆಳಗಿಟ್ಟು ಯೋಚಿಸಿದ.
"ಆ ಭರತ ಅನ್ನೋನು ಪಂಚಾಯ್ತಿ ನೌಕರನಾ?"

ಅಂದಿನಿಂದ ಅವನಿಗೆ ಭರತ ಒಬ್ಬ ವಾಟರ್‌ಮ್ಯಾನ್.
ದಿನಕ್ಕೆರಡು ಪಾಳಿ, ಹಬ್ಬಕ್ಕೂ ರಜೆಯಿಲ್ಲ,
ದಿನಾ ಮುಕ್ಕಾಲು ಗಂಟೆ ತಡ, ಆದರೂ ಸಸ್ಪೆಂಡ್ ಆಗಿಲ್ಲ.
"ಯೂನಿಯನ್ ಗಟ್ಟಿ ಇರಬೇಕು" ಅನ್ನುತ್ತಾನೆ.

ಹೇಗೆ ಹೇಳಲಿ ಇವನಿಗೆ
ನೀರು ಇಳಿದ ಮೇಲೆ ಉಳಿಯುವ ಆ ಬೂದು ಹೊಳಪನ್ನು,
ಅದರ ಮೇಲೆ ಏಡಿಗಳು ಬರೆದುಹೋಗುವ ಲೆಕ್ಕವನ್ನು,
ಕಾಂಡ್ಲದ ಬೇರು ಮೂಗೆತ್ತಿ ನಿಲ್ಲುವುದನ್ನು,
ಆಮೇಲೆ ಒಂದು ಗಳಿಗೆ, ಏನೂ ಆಗದ ಗಳಿಗೆ,
ತೇಲು ಯಾರ ಎಳೆತಕ್ಕೂ ಸಿಗದೆ ನೆಟ್ಟಗೆ ನಿಂತು
ಮೆಲ್ಲಗೆ ಈ ಕಡೆ ತಿರುಗುವುದನ್ನು.
ಆಗ ಕಾಣೆಮೀನು ಬರುತ್ತದೆ. ಬಾರದೆಯೂ ಇರುತ್ತದೆ.

ನಮ್ಮ ಕೆರೆಗೂ ಈಗ ನೀರು ಪೈಪಿನಲ್ಲಿ ಬರುತ್ತದೆ,
ನಗರ ಬಳಸಿ ಬಿಟ್ಟದ್ದು, ಸೋಸಿದ್ದು,
ಮೂಗು ಹತ್ತಿರ ತಂದರೆ ಸೋಪಿನ ನೆನಪು.
ಪಂಪು ಓಡಿದರೆ ಏರುತ್ತದೆ, ನಿಂತರೆ ತಗ್ಗುತ್ತದೆ.
ಅಂಚಿಗೆ ಒಂದು ಹೊಂಗೆಕಡ್ಡಿ ನೆಟ್ಟು ಹೋಗುವುದು ನನ್ನ ಚಾಳಿ.
ಈ ವಾರ ಕಡ್ಡಿ ಒಣನೆಲದಲ್ಲಿತ್ತು,
ನೀರು ಇಪ್ಪತ್ತು ಹೆಜ್ಜೆ ಆಚೆ,
ನಡುವೆ ಗೋಡು, ಮೇಲೆ ಕೆನೆ, ಒಳಗೆ ಗಂಜಿ.

ದಸ್ತಗೀರ್ ಗಾಳ ಹಿಡಿದು ಇಳಿದೇಬಿಟ್ಟ.
ನಾಲ್ಕನೇ ಹೆಜ್ಜೆಗೆ ಮೊಣಕಾಲು. ಐದನೆಯದಕ್ಕೆ ತೊಡೆ.
ಎಳೆದಷ್ಟೂ ಕೆಸರು ಬಾಯಿ ಚಪ್ಪರಿಸಿತು.
ಅವನ ಮುಖ ನೋಡಿ ನಗು ಬರಬೇಕಿತ್ತು, ಬರಲಿಲ್ಲ.

ನನಗೂ ಒಂದು ಸಂಜೆ ಹೀಗೇ, ಗಂಗೊಳ್ಳಿಯ ಈಚೆ,
ಭರತ ಏರುವ ಹೊತ್ತು, ಸೊಂಟದವರೆಗೆ.
ದಂಡೆಯಲ್ಲಿ ಬಲೆ ಮಡಚುತ್ತಿದ್ದ ಸೀನ ಖಾರ್ವಿ
ಓಡಿಬರಲಿಲ್ಲ. ಕೂಗಲೂ ಇಲ್ಲ. ಹೇಳಿದ:
"ನಿಲ್ಬೇಡಿ ಮರಾಯ್ರೆ. ಮನಿಕಣಿ."
ಕೆಸರಿನ ಮೇಲೆ ಮಲಗುವುದೆಂದರೆ!
ಮೈಮೇಲೆ ಡಿಪೋದ ಖಾಕಿ, ಜೇಬಲ್ಲಿ ಸಂಬಳದ ಚೀಟಿ.
ಮಲಗಿದೆ. ಹಿಮ್ಮಡಿ ತಿರುವಿದೆ. ಕೆಸರು
ಬೇಸತ್ತವರಂತೆ ಬಿಟ್ಟುಕೊಟ್ಟಿತು.

"ದಸ್ತಗೀರ್, ಮಲಗು."
"ಏನಂದೆ?"
"ಅಂಗಾತ ಮಲಗು. ಹಾಸಿಗೆ ಅಂದ್ಕೋ."
"ಹೊಸಾ ಅಂಗಿ ಕಣೋ, ಅಮ್ಮಿ ಹೊಡೀತಾಳೆ"
ಅಂದ, ಐವತ್ತೆಂಟರ ಗಂಡಸು.
ಅಂದು, ಮಲಗಿದ.
ಆಕಾಶ ನೋಡುತ್ತ ಒಂದೊಂದೇ ಕಾಲನ್ನು
ಟಯರಿನಿಂದ ಮೊಳೆ ಕೀಳುವ ನಿಧಾನದಲ್ಲಿ ಕಿತ್ತ.
ಎಡಗಾಲಿನ ಚಪ್ಪಲಿ ಬರಲಿಲ್ಲ.
ಅಷ್ಟೂ ಹೊತ್ತು ಒಂದು ಕೊಕ್ಕರೆ
ಅದೇ ಕೆಸರಲ್ಲಿ, ಎರಡು ಕಡ್ಡಿಗಾಲ ಮೇಲೆ ನಿಂತು ನೋಡಿತು.

ಆ ದಿನ ಸಿಕ್ಕಿದ್ದು ಎರಡು ಜಿಲೇಬಿ ಮೀನು, ಅಂಗೈಯಗಲ.
ಎರಡನ್ನೂ ಅವನಿಗೇ ಕೊಟ್ಟೆ, ಅಂಗಿಯ ಕಥೆ ಹೇಳುವಾಗ
ಕೈಯಲ್ಲೇನಾದರೂ ಇರಲಿ ಎಂದು.

ಮರುದಿನ ಬೆಳಿಗ್ಗೆ ಆರಕ್ಕೆ ಫೋನು,
ಏರಿಯ ಮೇಲಿಂದ. ಗಾಳಿ, ಹಿಂದೆ ಯಾವುದೋ ಟ್ರ್ಯಾಕ್ಟರು.
"ನೀರು ಕಡ್ಡಿ ಕಡೆ ನಾಲ್ಕು ಹೆಜ್ಜೆ ಬಂದೈತೆ.
ರಾತ್ರಿ ನಿನ್ನ ಭರತ ಡ್ಯೂಟಿ ಮಾಡವ್ನೆ."
ಕೆಮ್ಮಿದ. ತಡೆದು,
"ಚಪ್ಪಲಿ ಮಾತ್ರ ತಂದಿಲ್ಲ."