ತೊಂಬತ್ತರ ಕ್ಯಾಸೆಟ್ಟು

ಡ್ರಿಲ್ ಮಾಸ್ತರ್ ಮರುಳಪ್ಪನವರ ಕೈಯಲ್ಲಿ
ಆ ವಾರ ವಾಚಿರಲಿಲ್ಲ.
ರಿಪೇರಿಗೋ ಗಿರವಿಗೋ, ಯಾರೂ ಕೇಳಲಿಲ್ಲ.
ಗಡಿಯಾರ ಕಂಬ ಇರುವ ಊರಿನಲ್ಲಿ
ಫೈನಲ್ ಮ್ಯಾಚಿಗೆ ಗಡಿಯಾರವಿಲ್ಲ.

"ಐತಲ್ರೀ ಸಾರ್ ನನ್ ಹತ್ರ, ತೊಂಬತ್ತರ ಕ್ಯಾಸೆಟ್ಟು,"
ಅಂದ ರೇಡಿಯೋ ರಿಪೇರಿ ಗೌಸ್‌ಪೀರ್.
"ಈ ಮಗ್ಗಲು ನಲವತ್ತೈದು ನಿಮಿಷ,
ತಿರುವಿ ಹಾಕಿದ್ರೆ ಆ ಮಗ್ಗಲು ನಲವತ್ತೈದು.
ಫುಟ್ಬಾಲಿಗೇ ಅಂತ ಮಾಡಿದಂಗೈತೆ."

ಅದು ಎಂಬತ್ತೇಳು. ದಾವಣಗೆರೆ ಇನ್ನೂ ದುರ್ಗ ಜಿಲ್ಲೆ.
ನಮ್ಮದು ಮಂಡಕ್ಕಿ ಭಟ್ಟಿ ಹುಡುಗರ ಟೀಮು.
ಎದುರಿಗೆ ಹರಿಹರದ ಕಾರ್ಖಾನೆಯವರು,
ಹನ್ನೊಂದು ಮಂದಿಗೂ ಒಂದೇ ಬಣ್ಣದ ಕಾಲುಚೀಲ.
ನಮಗಿದ್ದದ್ದು ಏಳು ಜೊತೆ ಬೂಟು,
ಹಾಲೇಶನ ಎಡಗಾಲು,
ಕಾದ ಮರಳಿಗೆ ಹೆದರದ ನಮ್ಮಣ್ಣ ಕೊಟ್ರೇಶಿಯ ಅಂಗೈ,
ಮತ್ತೆ ಖಾಲಿ ಚೀಲ ಬಿಚ್ಚಿ ಹೊಲಿದ ಗೋಲಿನ ಬಲೆ.
ಚೆಂಡು ಬಡಿದಾಗಲೆಲ್ಲ ಬಲೆಯಿಂದ
ಒಂದೆರಡು ಮಂಡಕ್ಕಿ ಉದುರುತ್ತಿದ್ದವು.

ಹಾಡುಗಳು ಶಿಲ್ಲಾಂಗಿನಿಂದ ಬಂದವು.
ಮೆಡಿಕಲ್ ಹಾಸ್ಟೆಲ್ಲಿನ ಒಬ್ಬ ಉದ್ದ ಕೂದಲಿನವ
ರಿಪೇರಿಗೆ ದುಡ್ಡು ಸಾಲದೆ
ಮೂರು ಕ್ಯಾಸೆಟ್ಟು ಬಿಟ್ಟುಹೋದನಂತೆ.
ಇಂಗ್ಲಿಷು ಯಾರಿಗೆ ಬರುತ್ತಿತ್ತು.
ನಾವೇ ಹೆಸರಿಟ್ಟುಕೊಂಡೆವು:
ಡ್ರಮ್ಮು ಗುದ್ದುವುದು ಗಿರಣಿ ಪಾಳಿ.
ಗಿಟಾರು ಸಿಡಿಯುವುದು ಬಾಣಲೆ.
ಎರಡನೇ ಮಗ್ಗಲಿನ ಕೊನೆಗೆ
ಒಬ್ಬನೇ ಮೆಲ್ಲಗೆ ಶುರುಮಾಡಿ
ಆಮೇಲೆ ಆಕಾಶ ಹರಿಯುವಂತೆ ಕೂಗುವುದು
ಅಣ್ಣನ ಹಾಡು.
ಅದು ಬಂದಾಗ ಅವನು ಜರಡಿ ಕೆಳಗಿಟ್ಟು
ಬೀಡಿ ಆರುವ ತನಕ ಮಾತಾಡುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷ.
ಹೈಸ್ಕೂಲ್ ಮೈದಾನದ ಸುಣ್ಣದ ಗೆರೆಯಾಚೆ
ಟೇಪ್ ರೆಕಾರ್ಡರ್ ಪಕ್ಕ ಕೂತು
ಗುಂಡಿ ಖಟ್ ಅಂತ ಮೇಲೆದ್ದ ಕೂಡಲೇ
ಕೈ ಎತ್ತುವುದು ನನ್ನ ಕೆಲಸ.
ಗೌಸ್‌ಪೀರ್ ನಾಲ್ಕು ಹೊಸ ಸೆಲ್ಲು ಕೊಟ್ಟು
"ಹಾಡು ಎಳಿಯಾಕ್ ಹತ್ತಿದ್ರೆ ಹಾಕವ್ವ" ಅಂದಿದ್ದ.

ಮೊದಲ ಮಗ್ಗಲು: ಅವರು ಒಂದು, ನಾವು ಸೊನ್ನೆ.
ನಡುವೆ ಮಿರ್ಚಿ, ನೀರು, ಮಾಸ್ತರರ ಬೈಗುಳ.
ಎರಡನೇ ಮಗ್ಗಲು: ಒಂದು, ಒಂದು.
ಆಮೇಲೆ ಯಾರೂ ಯಾರನ್ನೂ ದಾಟಲಿಲ್ಲ.
ಧೂಳು ಮಾತ್ರ ಆ ಕಡೆಯಿಂದ ಈ ಕಡೆ ಆಡುತ್ತಿತ್ತು.

ಅಣ್ಣನ ಹಾಡು ಬಂತು.
ಹಾಡುವವನ ದನಿ
ಕೆಸರಿಗಿಳಿದ ಕೋಣದಂತೆ ಇಳಿಯುತ್ತ ಹೋಯಿತು.
ಎಲ್ಲಿ ಉಸಿರು ತಗೊಳ್ಳುತ್ತಾನೆ, ಎಲ್ಲಿ ಕೂಗುತ್ತಾನೆ
ನನಗೆ ಬಾಯಿಪಾಠ.
ಸೆಲ್ಲು ಸಾಯುತ್ತಿದ್ದವು.
ಹೊಸ ಸೆಲ್ಲಿನ ಪೊಟ್ಟಣ
ಲಂಗದ ಕೆಳಗೆ ಸರಿಸಿ
ಅದರ ಮೇಲೆ ಕೂತೆ.

ಹರಿಹರದ ಲಾರಿ ಡ್ರೈವರ್
ಮಣಿಕಟ್ಟು ತಟ್ಟಿ ತಟ್ಟಿ ತೋರಿಸಿದ.
ಮಾಸ್ತರು ತಿರುಗಿಯೂ ನೋಡಲಿಲ್ಲ:
"ಮಾತಾಗಿರೋದು ಕ್ಯಾಸೆಟ್ಟಿಗೆ."
ಆ ಎಳೆದ ಕೂಗಿನ ಒಳಗೆ ಎಲ್ಲೋ
ಹಾಲೇಶ ಚೆಂಡನ್ನು ಎಡಗಾಲಿಗೆ ತಂದುಕೊಂಡ.
ಮಂಡಕ್ಕಿ ಉದುರಿದವು.
ಖಟ್.
ಕೈ ಎತ್ತಿದೆ.

ಈಗ ಗೌಸ್‌ಪೀರನದು ಮೊಬೈಲ್ ಅಂಗಡಿ.
ಒಡೆದ ಗ್ಲಾಸು ಬದಲಿಸಲು ಹೋದಾಗ
ಸಣ್ಣ ಸ್ಕ್ರೂಗಳನ್ನು ಒಂದು ಬೆಳ್ಳಿ ಬಣ್ಣದ
ಬಟ್ಟಲಿನಿಂದ ಆಯುತ್ತಿದ್ದ.
ಹಿಡಿ ಒಂದು ಕಡೆ ಮುರಿದಿತ್ತು.
"ವಿನ್ನರ್ಸ್" ಅನ್ನುವುದರಲ್ಲಿ "ವಿ" ಅಳಿಸಿತ್ತು.

ತಲೆ ಎತ್ತದೆ ಅಂದ:
"ಅವತ್ತು ಸೆಲ್ಲು ವಾಪಸ್ ಕೊಟ್ಟೆಲ್ಲ,
ನಾಲ್ಕೂ ಹೊಸವೇ ಇದ್ವು."
ಮೂವತ್ತೇಳು ವರ್ಷ ಆಗಿತ್ತು.
ನಾನು ಗ್ಲಾಸಿನ ರೇಟು ಕೇಳಿದೆ.

ಅಣ್ಣನ ಹಾಡು ಈಗ ಫೋನಿನಲ್ಲಿ ಸಿಗುತ್ತದೆ.
ಯಾರೋ ಮಗ್ಗಲು ಹೊರಳಿಸುವಷ್ಟು ಬೇಗ ಮುಗಿಯುತ್ತದೆ.
ಅಣ್ಣ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟ:
"ಇದಲ್ಲ ಬಿಡು. ಅವನು ನಿಧಾನಕ್ಕೆ ಹಾಡ್ತಿದ್ದ."

ಹೌದು.
ಈ ವೇಗದಲ್ಲಿ ಹಾಡಿದರೆ
ಚೆಂಡು ಇನ್ನೂ
ಹಾಲೇಶನ ಬಲಗಾಲಲ್ಲೇ ಇರುತ್ತದೆ.