ಚಂದ್ರಿಕಾ ಅವರಿಗೆ ಮಾತ್ರ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ತೂಕದ ಚೀಟಿ ಬರೆಯುವವನು ನಾನು.
ಹತ್ತಕ್ಕೆ ಗಂಟೆ, ಹರಾಜು.
ಮಿಶ್ರತಳಿ ನೂರಾ ನಲವತ್ತೆರಡು.
ಬಾಬಾಜಾನ್ ಸಾಹೇಬರು ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ.
ಒಳಗೆ ಕಟಕಟ ಅನ್ನಬೇಕು,
ಅನ್ನದಿದ್ದರೆ ಹತ್ತು ರೂಪಾಯಿ ಇಳಿಸಿ ಕೂಗು.

ಹನ್ನೊಂದು ವರ್ಷ ಕವಿತೆ ಕಳಿಸಿದೆ.
ಅಚ್ಚಾದದ್ದು ಆರು.
ಆರಕ್ಕೂ ಗೌರವ ಪ್ರತಿ ಬಂತು
ನಡುವಿಗೆ ಕಾಗದದ ಪಟ್ಟಿ ಕಟ್ಟಿಕೊಂಡು.
ಗೌರವ ಅದು. ಧನದ ಮಾತು ಯಾರೂ ಎತ್ತಲಿಲ್ಲ,
ನಾನೂ ಎತ್ತಲಿಲ್ಲ.

ಅದೇ ವಾರಪತ್ರಿಕೆ ಹೊಸರುಚಿಗೆ
ನೂರೈವತ್ತು ಕೊಡುತ್ತದಂತೆ,
ಪೋಸ್ಟ್‌ಮನ್ ಪಿಳ್ಳಪ್ಪ ಹೇಳಿದ.
ಊರಿನವರ ಮನಿಯಾರ್ಡರೆಲ್ಲ ಅವನಿಗೆ ಬಾಯಿಪಾಠ.

ಹೆಂಗಸರ ಪುಟ. ಮುನಿವೆಂಕಟಪ್ಪ ಅಂದರೆ ಹಾಕುತ್ತಾರೆಯೆ?
ಪಕ್ಕದ ಮನೆ ಗೋಡೆಗೆ ಒರಗಿಸಿದ್ದ ಚಂದ್ರಿಕೆ ಕಂಡಿತು,
ಹಣ್ಣಾದ ಹುಳ ಬಿಡುವ ಬಿದಿರಿನ ತಟ್ಟೆ.
ಕೊನೆಗೊಂದು ದೀರ್ಘ ಎಳೆದೆ: ಚಂದ್ರಿಕಾ.

ಹಿಪ್ಪುನೇರಳೆ ಹಣ್ಣಿನ ಗೊಜ್ಜು.
ಮಾಡಿದವನಲ್ಲ, ತಿಂದವನೂ ಅಲ್ಲ.
‘ಸಣ್ಣ ಉರಿಯಲ್ಲಿ ಎಳೆ ಪಾಕ ಬರುವವರೆಗೆ’
ಎಂದು ಬರೆಯುವಾಗ ಮಾತ್ರ
ಎಳೆ ಎಂಬಲ್ಲಿ ಕೈ ಸ್ವಲ್ಪ ಹೊತ್ತು ನಿಂತಿತು,
ಕವಿತೆಯಲ್ಲಿ ನಿಲ್ಲುವ ಹಾಗೆಯೇ.

ಮನಿಯಾರ್ಡರಲ್ಲ, ಚೆಕ್ಕು ಬಂತು.
ಮೂಲೆಯಲ್ಲಿ ಎರಡು ಓರೆ ಗೆರೆ.
ಬ್ಯಾಂಕಿನಾಕೆ ಕನ್ನಡಕದ ಮೇಲಿಂದ ಕೇಳಿದರು,
‘ಚಂದ್ರಿಕಾ ಯಾರು, ನಿಮ್ಮ ಮನೆಯವರ?’
ನಾನೇ, ಮೇಡಂ.
ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ,
ಬೇರೆ ಏನು ಮಾಡಲಿ.

ಚಂದ್ರಿಕಾಗೆ ಖಾತೆ ಬೇಕಾದರೆ
ಫೋಟೊ, ಪಡಿತರ ಚೀಟಿ, ಕನಿಷ್ಠ ಐನೂರು ರೂಪಾಯಿ.
ಚೀಟಿಯ ಹಿಂದೆ ಲೆಕ್ಕ ಹಾಕಿದೆ:
ಇನ್ನು ನಾಲ್ಕು ಹೊಸರುಚಿ ಬರೆದರೆ
ಮೊದಲನೆಯದರ ದುಡ್ಡು ಕೈಗೆ ಬರುತ್ತದೆ.
ಆ ನಾಲ್ಕರ ಚೆಕ್ಕೂ ಅವಳ ಹೆಸರಿಗೇ ಬರುತ್ತವೆಂಬುದು
ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಆರು ತಿಂಗಳಿಗೆ ಚೆಕ್ಕು ಸತ್ತಿತು.
ನೂಲು ಬಿಚ್ಚಿದ ಮೇಲೆ ಉಳಿದ ಸತ್ತ ಹುಳಕ್ಕೂ
ನಮ್ಮೂರಲ್ಲಿ ಕೇಜಿಗೆ ಇಷ್ಟು ಅಂತ ಇದೆ.

ಸುಭದ್ರ ಆ ಪುಟ ಹರಿದು
ಸಾಸಿವೆ ಡಬ್ಬದ ಮೇಲಿನ ಗೋಡೆಗೆ ಅಂಟಿಸಿದ್ದಾಳೆ.
ನಿನ್ನೆ, ಗೊತ್ತಿದ್ದು ಕೇಳಿದಳೋ ಗೊತ್ತಿಲ್ಲದೆಯೋ,
‘ಉಪ್ಪು ಹಾಕೋದೇ ಬರೆದಿಲ್ಲವಲ್ಲ ಈಯಮ್ಮ,
ಯಾರ ಮನೆ ಸೊಸೆಯೋ, ಪಾಪ.’

ನಾಳೆ ಒಂದು ಕವರು ತರಬೇಕು.
ಐದು ರೂಪಾಯಿ ಸ್ಟಾಂಪು, ನನ್ನ ಲೆಕ್ಕಕ್ಕೆ.
ಮಾನ್ಯರೇ, ಒಂದು ತಿದ್ದುಪಡಿ,
ರುಚಿಗೆ ತಕ್ಕಷ್ಟು.