ಎಡಹುಬ್ಬಿನ ಮೇಲೆ

ಹತ್ತೊಂಬತ್ತು ವರ್ಷ ಈ ಮುಖಕ್ಕೆ ಬಣ್ಣ ಹಚ್ಚಿದ್ದೇನೆ.
ಹಣೆ ಅಗಲ, ಬೆವರು ಬೇಗ,
ದೀಪ ಹತ್ತಿದ ಮೂರೇ ನಿಮಿಷಕ್ಕೆ ಮೂಗಿನ ತುದಿ
ಎಣ್ಣೆ ಮೆತ್ತಿದ ಹಾಗೆ ಮಿನುಗುತ್ತದೆ.
ಎಡಹುಬ್ಬಿನ ಮೇಲೊಂದು ಗಾಯದ ಗೆರೆ,
ಬೆರಳ ಗೆಣ್ಣಿನಷ್ಟುದ್ದ. ಅದಕ್ಕೆ ಮಾತ್ರ
ಎರಡು ಪದರ ಬೇಕು.

ನೊವಾ ಇಗುವಾಸುವಿನಲ್ಲಿ ಮುಚ್ಚಿಹೋದ ಸಿನಿಮಾ ಮಂದಿರ
ಅವನ ಮೊದಲ ಸಭೆ. ಕುರ್ಚಿಗಳ ಬೆನ್ನಿಗೆ ಇನ್ನೂ
ಚ್ಯೂಯಿಂಗ್ ಗಮ್ ಅಂಟಿತ್ತು.
ಅದಕ್ಕೂ ಮುಂಚೆ ಅದೊನಿಯಾಸ್ ಫ್ರಜಾವ್
ಜಪೇರಿ ರೈಲಿನಲ್ಲಿ ಕಡಲೆಮಿಠಾಯಿ ಮಾರುತ್ತಿದ್ದ.
ಆ ಗಂಟಲು ಅಲ್ಲಿಯದೇ,
ಗಾಲಿಗಳ ಗದ್ದಲದ ಮೇಲೆ ಹಾಯಿಸಿ ಹಾಯಿಸಿ ಹದವಾದದ್ದು.
'ಒಂದಕ್ಕೆ ಎರಡು' ಎನ್ನುವುದನ್ನೂ 'ಹಲ್ಲೆಲೂಯಾ' ಎನ್ನುವುದನ್ನೂ
ಒಂದೇ ಉಸಿರಲ್ಲಿ ಎಳೆಯುತ್ತಾನೆ,
ಕೇಳಿದವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಬೆಳಗಿನ ಐದಕ್ಕೆ ಬಾಡಿಗೆಯ ಅರ್ಧ ಗಂಟೆ.
ಆ ಹೊತ್ತಿಗೆ ಎದ್ದಿರುವವರು ಯಾರು?
ಬೇಕರಿಯವರು, ಪಾಳಿ ಮುಗಿಸಿದ ನರ್ಸುಗಳು,
ಮಗ ಇನ್ನೂ ಮನೆಗೆ ಬಾರದ ತಾಯಂದಿರು.
'ಒಂದು ಲೋಟ ನೀರು ತನ್ನಿ, ಟೀವಿಯ ನೆತ್ತಿಯ ಮೇಲಿಡಿ'
ಅಂದ. ಇಟ್ಟರು.
ನನ್ನ ತಂಗಿ ನಿಲ್ಸೇಯಾ ಕುಡಿದಳು, ಮೊಣಕಾಲ ನೋವು
ಹೋಯಿತೆಂದಳು. ನಾನು ನಗಲಿಲ್ಲ.
ಅವಳು ಮೆಟ್ಟಿಲು ಹತ್ತಿದ್ದನ್ನು ಕಣ್ಣಾರೆ ಕಂಡೆ.
ಟೀವಿಗಳು ತೆಳ್ಳಗಾಗಿ ಲೋಟಕ್ಕೆ ಜಾಗವಿಲ್ಲದಾದಾಗ
ಪಕ್ಕದ ಸ್ಟೂಲಾದರೂ ಸಾಕು ಎಂದು
ಅವನಿಗೆ ಹೇಳಿಕೊಟ್ಟವಳು ನಾನೇ.

ಗಾಯದ ಕತೆ ನನಗೆ ಹೇಳಿದ್ದು ಒಂದೇ ಸಲ,
ಅವನವ್ವ ತೀರಿದ ರಾತ್ರಿ, ಕ್ಯಾಮೆರಾ ತಣ್ಣಗಾದ ಮೇಲೆ.
ಅನ್ನ ಸೀದಿತ್ತು. ಸೌಟು ಬೀಸಿದಳು.
ಆಮೇಲೆ ಗಾಯಕ್ಕೆ ಕಾಫಿಪುಡಿ ಒತ್ತಿ
ಬೆಳಗಿನ ತನಕ ಕೈ ತೆಗೆಯದೆ ಕೂತಳಂತೆ.
'ಇವೊನೆತೆ, ನೀನು ಪೌಡರು ಒತ್ತುವಾಗ
ಆ ವಾಸನೆ ಬರುತ್ತದೆ' ಅಂದ.
ನನ್ನ ಡಬ್ಬಿಗೆ ಯಾವ ವಾಸನೆಯೂ ಇಲ್ಲ.

ಪಕ್ಷದಿಂದ ಇಬ್ಬರು ಬಂದರು, ಇಸ್ತ್ರಿ ಮಾಡಿದ ಜೀನ್ಸು.
ಮೇಯರ್ ಚುನಾವಣೆ, ಸಂಖ್ಯೆ ಎಪ್ಪತ್ತೆರಡು.
ಸಭೆಯಲ್ಲಿ ಮತ ಕೇಳುವಂತಿಲ್ಲ, ಕಾನೂನು.
ಅವನು ಕೇಳಲಿಲ್ಲ.
ಕರ್ತನು ಕಳಿಸಿದ ಎಪ್ಪತ್ತೆರಡು ಮಂದಿ ಎಂದ,
ಎಪ್ಪತ್ತೆರಡು ಗಂಟೆ ಉಪವಾಸ ಎಂದ,
ಸಭೆಗೆ ಸಭೆಯೇ ಬೆರಳು ಮಡಿಸಿ ಎಣಿಸಿತು.
ಜೀನ್ಸಿನವನು ನನ್ನ ಸ್ಪಂಜು ತಡೆದ:
'ಈ ಸಲ ಗಾಯ ಕಾಣಲಿ.'
ಜಾಹೀರಾತಿನಲ್ಲಿ ಅದು ದರೋಡೆಕೋರನ ಚಾಕು,
ಪ್ರಚಾರ ಮುಗಿಯುವಷ್ಟರಲ್ಲಿ ಗುಂಡು.
ಸೌಟಿಗೆ ಮತ ಬೀಳುವುದಿಲ್ಲವಂತೆ.

ನಾನೂ ಹಸಿರು ಗುಂಡಿ ಒತ್ತಿದೆ. ಉಪ್ಪಿನ ಋಣ,
ಮತ್ತೆ ತಂಗಿಯ ಮೊಣಕಾಲು.

ಎರಡನೆಯ ವರ್ಷ ಆ ಮೊಣಕಾಲು ಮತ್ತೆ ಹಿಡಿಯಿತು.
ನಗರದ ಆಸ್ಪತ್ರೆ, ಬೆಂಚು, ಗೋಡೆಗೆ ಟೀವಿ,
ಟೀವಿಯಲ್ಲಿ ಅವನು, ಹೊಸ ಆಸ್ಪತ್ರೆಗೆ ಅಡಿಗಲ್ಲು.
ಕತ್ತಿಗೊಂದು ಬಣ್ಣ, ಮುಖಕ್ಕೊಂದು.
ಯಾರೋ ಬೇರೆ ಹುಡುಗಿಯ ಕೈ.
ನಿಲ್ಸೇಯಾ ಚೀಲದಿಂದ ಲೋಟ ತೆಗೆದಳು.
ನಲ್ಲಿಯಲ್ಲಿ ನೀರಿರಲಿಲ್ಲ.
ಖಾಲಿ ಲೋಟವನ್ನೇ ಪರದೆಯತ್ತ ಹಿಡಿದು ಕೂತಳು
ನಮ್ಮ ಸರದಿ ಬರುವವರೆಗೆ.

ಈ ಸೋಮವಾರ ಹಿಂಬಾಗಿಲಿನಿಂದ ಬಂದ.
ಕುರ್ಚಿಯಿಂದ ಇಳಿಸಿದ್ದಾರೆ, ಲೆಕ್ಕ ಕೇಳುತ್ತಿದ್ದಾರೆ.
ಮತ್ತೆ ಅದೇ ಐದು ಗಂಟೆ, ಅದೇ ಅರ್ಧ ಗಂಟೆ.
ಮೂತಿ ಒರೆಸಿಕೊಳ್ಳಲು ಮಕ್ಕಳು ಎತ್ತುವ ಹಾಗೆ
ಕಣ್ಣು ಮುಚ್ಚಿ ಮುಖವೆತ್ತಿ ಕೇಳಿದ:
'ಇವೊನೆತೆ, ಈ ಗಾಯದ ವಿಷಯ
ಕೊನೆಯ ಸಲ ಏನು ಹೇಳಿದ್ದೆ ನಾನು?'

ಅತ್ತ ಕ್ಯಾಮೆರಾದ ಹುಡುಗ ಐದು, ನಾಲ್ಕು ಎಣಿಸುತ್ತಿದ್ದ.
ನಾನು ಸ್ಪಂಜು ಕೆಳಗಿಟ್ಟೆ.
ಬರಿಯ ಹೆಬ್ಬೆರಳನ್ನು ಗೆರೆಯ ಮೇಲೆ ಒತ್ತಿ ಹಿಡಿದೆ.
ಅವನು ಮೂಗಿನಿಂದ ನಿಧಾನ
ಉಸಿರೆಳೆದುಕೊಂಡ.